ಬಾನೆಟ್ಟಿನ ಮೇಲಿನ ಮೂರು ಗೆರೆ

ನಮ್ಮ ಮನೆಯಲ್ಲಿ ಹೊಸ ಬಟ್ಟೆಗಿಂತ ಹಳೆಯ ಬಟ್ಟೆಗೆ ಮರ್ಯಾದೆ ಹೆಚ್ಚು. ಹೊಸದನ್ನು ಕಪಾಟಿನಲ್ಲಿ ಮಡಿಚಿಟ್ಟು ಮರೆತುಬಿಡುತ್ತೇವೆ. ಹಳೆಯದಕ್ಕೆ ದಿನವೂ ಕೆಲಸ, ಕೆಲಸಕ್ಕೆ ತಕ್ಕ ಅಂತಸ್ತು. ರೊಟ್ಟಿ ಸುತ್ತಿಡುವ ಬಟ್ಟೆಯಿಂದ ಯಾರಾದರೂ ಕೈ ಒರೆಸಿಕೊಂಡರೆ ನಾನು ಹಿತ್ತಿಲಲ್ಲಿದ್ದರೂ ನನಗೆ ಗೊತ್ತಾಗುತ್ತದೆ. ದೇವರ ಸಾಮಾನು ಒರೆಸುವ ಬಟ್ಟೆ ಬೇರೆ, ಕನ್ನಡಿಯದು ಬೇರೆ, ಗ್ಯಾಸಿನ ಒಲೆಯದು ಬೇರೆ. ಒಲೆಯ ಬಟ್ಟೆ ಇನ್ನೂ ಹಳತಾಗಿ ನೆಲದ ಬಟ್ಟೆಯಾದಾಗ ನನಗೆ ಒಂದು ಗಳಿಗೆ ಕೆಡುಕೆನಿಸುವುದೂ ಉಂಟು, ಯಾರನ್ನೋ ಕೆಳಗಿನ ಹುದ್ದೆಗೆ ಇಳಿಸಿದ ಹಾಗೆ.

ಈ ಎಲ್ಲ ಬಟ್ಟೆಗಳಿಗೂ ಮೇಲೆ, ಯಾವ ಕೆಲಸಕ್ಕೂ ಹಚ್ಚದೆ ಇಟ್ಟುಕೊಂಡಿದ್ದ ತುಂಡೊಂದಿತ್ತು. ನನ್ನ ಅಪ್ಪನ ಧೋತರದ ತುಂಡು. ಅಪ್ಪ ಬನಹಟ್ಟಿಯಲ್ಲಿ ಮಗ್ಗದ ಮುಂದೆ ಕೂತೇ ಬದುಕಿದವನು. ತಾನು ಉಟ್ಟ ಧೋತರವನ್ನು ತಾನೇ ನೇಯ್ದುಕೊಂಡಿದ್ದ. ಒಗೆದು ಒಗೆದು ಅದು ಬೆಣ್ಣೆಯಂತಾಗಿತ್ತು. ಮೊನ್ನೆ ಕಪಾಟು ಜಾಡಿಸುವಾಗ ಕೈಗೆ ಸಿಕ್ಕಿತು. ಅಭ್ಯಾಸದಂತೆ ಮೂಗಿಗೆ ಹಿಡಿದೆ. ಅಪ್ಪನ ವಾಸನೆ ಬರಲಿಲ್ಲ. ಕಾರಿನ ಪಾಲಿಶಿನ ವಾಸನೆ ಬಂತು. ಬೇಸರವಾಗಬೇಕಿತ್ತು, ನಗು ಬಂತು. ಯಾಕೆ ಎನ್ನುವುದನ್ನು ಹೇಳಲು ನಾನು ಸ್ವಲ್ಪ ಸುತ್ತಿ ಬರಬೇಕು, ಒಳಗೆ ಬಂದು ಕೂತುಕೊಳ್ಳಿ.

ಅಪ್ಪನಿಗೆ ಒಂದು ಚಾಳಿಯಿತ್ತು. ಯಾವ ಬಟ್ಟೆ ಕಂಡರೂ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಕಣ್ಣು ಮುಚ್ಚಿ ತಿಕ್ಕಿ ನೋಡುವುದು. ಅಂಗಡಿ, ಮದುವೆಮನೆ, ಬಸ್ಸು, ಎಲ್ಲಿಯಾದರೂ ಸರಿ. ತೇರದಾಳದ ಬಸ್ಸಿನಲ್ಲಿ ಮುಂದಿನ ಸೀಟಿನವನ ಶಲ್ಯವನ್ನು ಹೀಗೆ ಹಿಡಿದು ನೋಡಿ ಬೈಸಿಕೊಂಡದ್ದೂ ಇದೆ. ನಮ್ಮವರು ನನ್ನನ್ನು ನೋಡಲು ಬಂದ ದಿನ ಅಪ್ಪ ಅವರ ಪಕ್ಕದಲ್ಲೇ ಕೂತಿದ್ದ. ಎಲ್ಲರೂ ಅವಲಕ್ಕಿ ತಿನ್ನುತ್ತಿದ್ದಾಗ ಅಪ್ಪನ ಬೆರಳು ಮೆಲ್ಲಗೆ ವರನ ಅಂಗಿಯ ತೋಳಿಗೆ ಹೋಯಿತು. ಬಾಗಿಲ ಸಂದಿಯಿಂದ ನಾನೇ ನೋಡಿದ್ದೇನೆ. ಅವರು ಹೋದ ಮೇಲೆ ಅವ್ವ ಕೇಳಿದಳು:

“ಹೆಂಗದಾನ್ರಿ ಹುಡುಗ?”

“ಛಲೋ ಅದಾನ. ಮೆತ್ತಗದಾನ.”

“ಹುಡುಗನ್ನ ನೋಡ್ರಿ ಅಂದ್ರ ಅಂಗಿ ನೋಡಿ ಬಂದ್ರೇನ?”

ಅವ್ವನ ಕುಹಕ ಸರಿಯೇ ಇತ್ತು. ಆದರೆ ಅಪ್ಪನ ತೀರ್ಪೂ ಸುಳ್ಳಾಗಲಿಲ್ಲ. ಮಹಾಲಿಂಗಪುರದ ಈ ಮನೆಗೆ ಬಂದು ಇಷ್ಟು ವರ್ಷವಾಯಿತು. ನಮ್ಮವರು ದನಿಯೆತ್ತಿ ಮಾತಾಡಿದ್ದನ್ನು ನಾನು ಕೇಳಿದ್ದು ಕಡಿಮೆ. ದಿನಾ ಮುಧೋಳದ ಕಚೇರಿಗೆ ಹೋಗುತ್ತಾರೆ, ಬರುತ್ತಾರೆ, ಕೊಟ್ಟದ್ದನ್ನು ಉಣ್ಣುತ್ತಾರೆ. ಆಸೆ ಎಂಬ ವಸ್ತು ಅವರಲ್ಲಿ ಎಲ್ಲಿದೆ ಎಂದು ನಾನು ಹುಡುಕಿದ್ದೇನೆ, ಸಿಕ್ಕಿರಲಿಲ್ಲ. ಅಂಥವರು ಒಂದು ದಿನ ಜಮಖಂಡಿಯಿಂದ ಯಾರೋ ಓಡಿಸಿ ಬಿಟ್ಟ ಕರಿಯ ಕಾರೊಂದನ್ನು ಕೊಂಡು ತಂದರು. ಅಂದಿನಿಂದ ನಮ್ಮವರ ಆಸೆ ಅಂಗಳದಲ್ಲಿ, ಬೇವಿನ ಗಿಡದ ಕೆಳಗೆ ನಿಂತಿದೆ.

ಕಾರು ಹಳೆಯದಾದರೂ ಬಣ್ಣ ಮಾತ್ರ ಬಾವಿಯ ನೀರಿನ ಹಾಗಿತ್ತು. ಅಷ್ಟು ಕಪ್ಪು, ಅಷ್ಟು ಆಳ. ನಮ್ಮವರು ಬೆಳಿಗ್ಗೆ ಚಹದ ಕಪ್ಪು ಹಿಡಿದು ಅದರ ಸುತ್ತ ಒಂದು ಸುತ್ತು ಹಾಕುತ್ತಿದ್ದರು. ನನ್ನ ಹೊಸ ಸೀರೆಯ ಬಣ್ಣವೇನೆಂದು ಕೇಳಿದರೆ “ಏನೋ ಹಸರ ಇದ್ದಂಗಿತ್ತು” ಅನ್ನುವ ಮನುಷ್ಯ, ಕಾರಿನ ಬಾಗಿಲ ಮೇಲೆ ಕೂದಲೆಳೆಯಷ್ಟು ಗೀರು ಬಿದ್ದರೂ ಊಟ ಬಿಟ್ಟು ಎದ್ದು ಹೋಗುತ್ತಿದ್ದರು.

ಗೀರು ಬೀಳುವುದಕ್ಕೆ ನಮ್ಮ ಕಡೆ ಕಾರಣಗಳಿಗೇನು ಬರ. ಕಬ್ಬು ನುರಿಸುವ ಕಾಲ ಬಂತೆಂದರೆ ಕಾರ್ಖಾನೆಯ ಚಿಮಣಿಯಿಂದ ಕರಿಯ ಬೂದಿ ಹಾರಿ ಬಂದು ಊರ ಮೇಲೆ ಕೂರುತ್ತದೆ. ಒಣಗಿಸಿದ ಹಪ್ಪಳದ ಮೇಲೆ, ಬಿಳಿ ಅಂಗಿಯ ಮೇಲೆ, ಮಲಗಿದ ನಾಯಿಯ ಮೇಲೆ. ಕರಿ ಕಾರಿನ ಮೇಲೆ ಕರಿ ಬೂದಿ ಕಾಣುವುದಿಲ್ಲವೆಂದು ಧೈರ್ಯವಾಗಿ ಒರೆಸಿದಿರೋ, ಬಿಸಿಲಿಗೆ ನಿಲ್ಲಿಸಿದಾಗ ಜೇಡನ ಬಲೆಯಂತೆ ಗೀರುಗಳು ಏಳುತ್ತವೆ. ಇದರ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು. ಹೇರಿಗೂ ರಸ್ತೆಗೂ ಸಂಬಂಧವಿಲ್ಲದಂತೆ ಎರಡೂ ಕಡೆ ಕಬ್ಬು ಜೋತುಕೊಂಡು ಬರುತ್ತವೆ. ಅದರ ರವದಿ, ಆ ಒಣ ಗರಿ, ಕಾರಿನ ಕೆನ್ನೆ ಸವರಿಕೊಂಡೇ ಹೋಗುತ್ತದೆ. ನಮ್ಮವರು ಮುಧೋಳದ ರಸ್ತೆಯಲ್ಲಿ ಟ್ರ್ಯಾಕ್ಟರ್ ಕಂಡ ಕೂಡಲೇ ಕಾರನ್ನು ಹೊಲಕ್ಕೇ ಇಳಿಸಿಬಿಡುತ್ತಿದ್ದರು.

ಹೊಳಪಿನ ವಿಷಯದಲ್ಲಿ ಮೊದಲ ಸಲಹೆ ಕೊಟ್ಟವಳು ನಾನೇ. ಕೊಬ್ಬರಿ ಎಣ್ಣೆ. ಎತ್ತಿನ ಕೊಂಬಿಗೆ ಎಣ್ಣೆ ಹಚ್ಚಿ ಮಿಂಚಿಸುವುದನ್ನು ಕಂಡವಳು, ಕಾರೇನು ಮಹಾ ಎಂದುಕೊಂಡೆ. ನಮ್ಮವರು ಪಾಪ, ನಂಬಿದರು. ಅರ್ಧ ಬಾಟಲಿ ಕುಡಿಸಿದ ಮೇಲೆ ಕಾರು ಮಿಂಚಿತು ನೋಡಿ, ತಲೆಗೆ ನೀರು ಹಾಕಿಕೊಂಡು ಎಣ್ಣೆ ಹಚ್ಚಿ ಬಾಚಿದ ಮದುಮಗನ ಹಾಗೆ. ಅದೇ ಮೆರುಗಿನಲ್ಲಿ ಬೆಲ್ಲದ ಪೇಟೆಯ ಕಡೆ ಹೋಗಿ ಬಂದೆವು. ಪೇಟೆಯ ಧೂಳು, ಹಿಂಡಿಯ ಹೊಟ್ಟು, ಕಾರ್ಖಾನೆಯ ಬೂದಿ, ಎಲ್ಲ ನಮ್ಮೊಂದಿಗೇ ಮನೆಗೆ ಬಂದವು. ಕಾರು ಮೈಗೆಲ್ಲ ಕಂಬಳಿ ಹೊದ್ದಂತಿತ್ತು. ಅಂದಿನಿಂದ ಮನೆಯಲ್ಲಿ ನಾನು ಏನೇ ಸಲಹೆ ಕೊಡಲು ಬಾಯಿ ತೆರೆದರೂ ನಮ್ಮವರು ಮೆಲ್ಲಗೆ ಕೇಳುತ್ತಾರೆ: “ಇದೂ ಕೊಬ್ಬರಿ ಎಣ್ಣಿ ಏನ?”

ಹೀಗಿರಲು ಒಂದು ಮುಂಜಾನೆ ಎಳೆ ಬಿಸಿಲಿನಲ್ಲಿ ನಮ್ಮವರು ಬಾನೆಟ್ಟಿನ ಮುಂದೆ ನಿಂತು ಕೂಗಿದರು. ಹೋಗಿ ನೋಡಿದೆ. ಬಾನೆಟ್ಟಿನ ನಟ್ಟನಡುವೆ ಅಡ್ಡಲಾಗಿ ಮೂರು ಗೆರೆ. ಒಂದರ ಕೆಳಗೊಂದು, ಅಳತೆಗೋಲು ಇಟ್ಟು ಎಳೆದ ಹಾಗೆ. ಒದ್ದೆ ಬಟ್ಟೆಯಿಂದ ಒರೆಸಿದರೂ ಹೋಗಲಿಲ್ಲ.

“ಬೆಕ್ಕು,” ಅಂದರು ನಮ್ಮವರು.

ಪಕ್ಕದ ಮನೆಯ ಗಂಗಕ್ಕನ ಬೆಕ್ಕು ರಾಣಿಗೆ ನಮ್ಮ ಬಾನೆಟ್ಟು ಎಂದರೆ ಪ್ರಾಣ. ಕಾರು ಮುಧೋಳದಿಂದ ಬಂದು ನಿಂತ ಕೂಡಲೇ ಆ ಬೆಚ್ಚನೆಯ ತಗಡಿನ ಮೇಲೆ ಹತ್ತಿ ಮಲಗುತ್ತದೆ. ನಮ್ಮವರು ಜೀವನದಲ್ಲಿ ಮೊದಲ ಸಲ ಜಗಳಕ್ಕೆಂದು ಇನ್ನೊಬ್ಬರ ಬಾಗಿಲಿಗೆ ಹೋದರು. ಹೋದವರು ದನಿ ಎಲ್ಲಿಂದ ತರುವುದೆಂದು ತಿಳಿಯದೆ, “ಗಂಗಕ್ಕಾ, ಒಂಚೂರ ಬರ್ತೀರೇನ್ರಿ” ಎಂದು ಕರೆದರು. ಗಂಗಕ್ಕ ಬೆಕ್ಕನ್ನು ಕಂಕುಳಲ್ಲಿ ಇರುಕಿಕೊಂಡೇ ಬಂದಳು, ಗೆರೆ ನೋಡಿದಳು, ಬೆಕ್ಕಿನ ಮುಂಗಾಲು ಹಿಡಿದು ಒತ್ತಿ ಉಗುರು ಹೊರಗೆ ತೆಗೆದು ನಮ್ಮವರ ಮೂಗಿನ ಮುಂದೆ ಹಿಡಿದಳು.

“ಎಣಸ್ರಿ ಅಣ್ಣಾರ. ಎಷ್ಟದಾವ?”

“ನಾಕು.”

“ಅಲ್ಲೆಷ್ಟದಾವ?”

“ಮೂರು.”

“ಹಂಗಾರ ನಮ್ಮ ರಾಣಿ ಒಂದ ಉಗುರ ಮಡಿಚಿಕೊಂಡ ಗೀರಿತೇನ್ರಿ? ಅಂಥಾ ಬೆಕ್ಕ ಇದ್ರ ನಾ ಸರ್ಕಸ್ಸಿಗೆ ಕಳಿಸ್ತಿದ್ನಿ.”

ನಮ್ಮವರು ಬಗ್ಗಿ ಗೆರೆಗಳನ್ನು ಮತ್ತೊಮ್ಮೆ ಎಣಿಸಿದರು, ಮೂರೇ. ಆದರೆ ಗಂಗಕ್ಕ ಅಷ್ಟಕ್ಕೇ ಬಿಡುವವಳಲ್ಲ. ಬೆಕ್ಕಿನ ಹೆಸರಿಗೆ ಮಸಿ ಹತ್ತಿದೆ. “ಯಾರ ಗೀರ್ಯಾರ ಅಂತ ನಾ ಹಿಡದ ಕೊಡತೇನಿ, ನೀವ ಸುಮ್ಮನಿರ್ರಿ” ಎಂದು ತನ್ನ ಕಟ್ಟೆಯ ಮೇಲೆ ನಮ್ಮ ಕಾರು ಕಾಣುವಂತೆ ಚಾಪೆ ಹಾಸಿದಳು. ಕಾಳು ಹಸನು ಮಾಡುವುದು, ಸೊಪ್ಪು ಸೋಸುವುದು, ಎಲ್ಲ ಇನ್ನು ಅಲ್ಲಿಯೇ.

ಕಳ್ಳನನ್ನು ಮೊದಲು ಹಿಡಿದದ್ದು ಮಾತ್ರ ನಾನು. ಅದೂ ಹುಡುಕದೆ. ಮರುದಿನವೇ ಸೋಮವಾರ, ಗಂಗಕ್ಕ ಇನ್ನೂ ಕಟ್ಟೆಗೆ ಬಂದಿರಲಿಲ್ಲ, ನಾನು ಅಂಗಳದಲ್ಲಿ ಅರಿವೆ ಹಿಂಡುತ್ತಿದ್ದೆ. ನಮ್ಮವರ ಅವ್ವ, ನನ್ನ ಅತ್ತೆ, ಸ್ನಾನ ಮುಗಿಸಿ, ಒದ್ದೆ ಕೂದಲು ಗಂಟು ಹಾಕಿಕೊಂಡು, ವಿಭೂತಿಯ ಕರಡಿಗೆ ಹಿಡಿದು ಗೋಡೆ ಹಿಡಿದು ಹೊರಬಂದರು. ಕಾರಿನ ಮುಂದೆ ನಿಂತರು. ಅಂಗೈಯಿಂದ ಬಾನೆಟ್ಟಿನ ಧೂಳನ್ನು, ಬೂದಿಯನ್ನು, ಬರಬರನೆ ಸವರಿ ತೆಗೆದರು. ಆ ಜಾಗವನ್ನು ಸೆರಗಿನಿಂದ ಗಸಗಸ ತಿಕ್ಕಿದರು. ಆಮೇಲೆ ಒಣ ವಿಭೂತಿ ಹಚ್ಚಿಕೊಂಡ ನಡುವಿನ ಮೂರು ಬೆರಳು ಒತ್ತಿ, ಎಡದಿಂದ ಬಲಕ್ಕೆ, ಅದೇ ಜಾಗದಲ್ಲಿ, ಹೊಸದಾಗಿ ಎಳೆದರು. ಎಳೆದ ಮೇಲೆ ಕೈ ಮುಗಿದು, “ಹೋಗೂದು ಬರೂದು ಸುಖವಾಗಿರ್ಲಿ” ಅಂದರು.

ನನ್ನ ಕೈಯಲ್ಲಿದ್ದ ಅರಿವೆ ಹಿಂಡಿದಲ್ಲೇ ನಿಂತಿತು.

ನಮ್ಮದು ಶಿವನ ಮನೆತನ. ಅತ್ತೆಯ ಕೈಯಿಂದ ವಿಭೂತಿ ಹಚ್ಚಿಸಿಕೊಳ್ಳದ ವಸ್ತು ಮನೆಯೊಳಗೆ ಬಂದದ್ದಿಲ್ಲ. ಹೊಲಿಗೆ ಯಂತ್ರ, ಫ್ರಿಜ್ಜು, ನೀರೆತ್ತುವ ಮೋಟಾರಿನ ಪೆಟ್ಟಿಗೆ, ತಿಂಗಳಿಗೊಮ್ಮೆ ಬದಲಾಗುವ ಗ್ಯಾಸ್ ಸಿಲಿಂಡರು ಕೂಡ. ನನ್ನ ಹೊಸ ಫೋನಿಗೆ ಹಚ್ಚಿದಾಗ ಬೂದಿಯೆಲ್ಲ ಅದರ ಕಿವಿಯೊಳಗೆ ಹೋಗಿ, ಬನಹಟ್ಟಿಯ ನನ್ನ ಅಣ್ಣ ಎಷ್ಟೋ ದಿನ ಬಾವಿಯೊಳಗಿಂದ ಮಾತಾಡುತ್ತಿದ್ದ. ಅದಕ್ಕೆಲ್ಲ ನಾವು ನಕ್ಕು ಸುಮ್ಮನಾದವರು. ಕಾರಿನದು ಹಾಗಲ್ಲ.

ಸಂಜೆ ನಮ್ಮವರಿಗೆ ಹೇಳಿದೆ. ಅವರು ಹೊರಗೆ ಹೋಗಿ ಕಾರಿನ ಸುತ್ತ ಒಂದು ಸುತ್ತು ಹಾಕಿ ಬಂದರು. ಆಮೇಲೆ ಅಂದರು:

“ಅವ್ವಗ ಹೇಳಬ್ಯಾಡ.”

“ನಾ ಯಾಕ ಹೇಳ್ಲಿ?”

“ತವಾದ್ದ ನೆನಪೈತಲ್ಲ?”

ನೆನಪಿಲ್ಲದೆ ಏನು. ನಾವು ಹೊಸದಾಗಿ ಒಂದು ನಾನ್‌ಸ್ಟಿಕ್ ತವಾ ತಂದಿದ್ದೆವು. ಅತ್ತೆ ಅದರ ಕರಿಯ ಬಣ್ಣ ನೋಡಿ, ಅಂಗಡಿಯವನು ತೊಳೆಯದೆ ಕೊಟ್ಟಿದ್ದಾನೆಂದು ತಿಳಿದರು. ಒಲೆಯ ಬೂದಿ, ತೆಂಗಿನ ನಾರು ತೆಗೆದುಕೊಂಡು ಹಿತ್ತಿಲಲ್ಲಿ ಕೂತು, ಬೆಳ್ಳಿಯಂತೆ ಹೊಳೆಯುವವರೆಗೆ ತಿಕ್ಕಿ, ಹೆಮ್ಮೆಯಿಂದ ತಂದು ತೋರಿಸಿದರು. ನಮ್ಮವರು ಬೈಯಲಿಲ್ಲ. “ಅಯ್ಯ ಅವ್ವಾ, ಹಾಳಾತಲ್ಲ” ಅಂದರು, ಅಷ್ಟೇ. ಅತ್ತೆ ತವಾವನ್ನು ಗೋಡೆಗೆ ಆನಿಸಿಟ್ಟರು. “ನಿಮ್ಮ ಸಾಮಾನ ನಿಮಗ ಗೊತ್ತಪಾ” ಎಂದು ಹೊರಗೆ ಹೋಗಿ ಕೂತವರು ಮತ್ತೆ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಊರಿಗೆಲ್ಲ ಹೆಸರಾದ ಅವರ ಕೈಯ ಎಣ್ಣೆಗಾಯಿ ನಮ್ಮ ಮನೆಯಲ್ಲಿ ಅಂದಿಗೆ ನಿಂತಿತು. ನಾನು ಕರೆದೆ, ನಮ್ಮವರು ಕರೆದರು, ಮುನಿಸೇನೂ ಇಲ್ಲದಂತೆ ನಕ್ಕು “ನೀವ ಮಾಡ್ರಿ, ನಾ ಉಣ್ತೇನಿ” ಅನ್ನುತ್ತಿದ್ದರು. ದಿನವಿಡೀ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಯಾವುದಕ್ಕೂ ತಾವಾಗಿ ಎದ್ದು ಬರುತ್ತಿರಲಿಲ್ಲ.

ಕಾರು ಬಂದ ಮೇಲೆ, ಮೊದಲ ಸೋಮವಾರ, ಯಾರೂ ಹೇಳದೆ ಎದ್ದು ಕರಡಿಗೆ ಹುಡುಕಿಕೊಂಡು ಬಂದರು. ಹಚ್ಚುವ ಮುಂಚೆ ಹೀಗೆ ಧೂಳು ತಿಕ್ಕುತ್ತಾರೆಂದು ಮಾತ್ರ ನಮಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅವರು ತಮ್ಮದೆಂದು ಮಾಡುವ ಕೆಲಸ ಈಗ ಅದೊಂದೇ. “ನಿಮ್ಮ ವಿಭೂತಿಯಿಂದ ಕಾರಿಗೆ ಗೀರು ಬಿದ್ದಿದೆ” ಎಂದು ಹೇಳಿದರೆ ಅದೂ ಹೋಯಿತು. ಹಾಗೆಂದು ಸುಮ್ಮನಿದ್ದರೆ ಗಂಗಕ್ಕ ಬಿಡಬೇಕಲ್ಲ. ಅವಳು ಕಟ್ಟೆಯ ಮೇಲೆ ಕೂತಿದ್ದಾಳೆ. ಮುಂದಿನ ಸೋಮವಾರ ತನ್ನ ಕಣ್ಣಾರೆ ನೋಡುತ್ತಾಳೆ. ಬೆಕ್ಕಿನ ನಿರಪರಾಧಿತನವನ್ನು ಓಣಿಗೆಲ್ಲ ಕೇಳುವಂತೆ ಸಾರುತ್ತಾಳೆ. ಮುದುಕಿಯ ಮನಸ್ಸು ಉಳಿಯಬೇಕಾದರೆ ಸೋಮವಾರದೊಳಗೆ ಗೆರೆ ಅಳಿಯಬೇಕು. ಗೆರೆಯೇ ಇಲ್ಲದಿದ್ದರೆ ಕಳ್ಳನೆಲ್ಲಿ?

ಹೀಗೆ ನಮ್ಮ ಮನೆಗೆ ಪಾಲಿಶಿನ ಪ್ರಶ್ನೆ ಬಂತು.

ಕೇಳಿದವರೆಲ್ಲ ಪಂಡಿತರೇ. ನಮ್ಮವರ ಕಚೇರಿಯಲ್ಲಿ ಒಬ್ಬರು ಹಲ್ಲುಜ್ಜುವ ಪೇಸ್ಟು ಹಚ್ಚಿರಿ ಅಂದರು. ಇನ್ನೊಬ್ಬರು ಬೂಟಿನ ಕರಿ ಪಾಲಿಶ್ ಅಂದರು. ಮೂರನೆಯವರು ಕಾರನ್ನೇ ಮಾರಿಬಿಡಿ ಅಂದರಂತೆ. ಆ ದಿನ ನಮ್ಮವರು ಡಬ್ಬಿಯ ಬುತ್ತಿ ಹಾಗೇ ವಾಪಸ್ಸು ತಂದಿದ್ದರು. ಕೊನೆಗೆ ಶನಿವಾರ ಇಬ್ಬರೂ ಜಮಖಂಡಿಗೆ ಹೋದೆವು, ಕಾರಿನ ಸಾಮಾನು ಮಾರುವ ಒಂದು ಅಂಗಡಿಗೆ.

ಅಂಗಡಿಯವನು ಹೊರಗೆ ಬಂದು, ಬಾನೆಟ್ಟಿಗೆ ಮುಖ ತಂದು, ಹೆಬ್ಬೆರಳಿನ ಉಗುರನ್ನು ಅಂಚಿನ ಮೇಲೆ ಒಂಚೂರು ಒತ್ತಿದ. ನಮ್ಮವರು “ಹಾ” ಅಂದರು, ತಮಗೇ ಚುಚ್ಚಿದ ಹಾಗೆ.

“ಬಣ್ಣ ಭಾಳ ಮೆತ್ತಗೈತ್ರಿ ಸರ. ಕೆಲವು ಗಾಡಿ ಹಿಂಗ ಬರ್ತಾವ. ಕರಿ ಬಣ್ಣ ಬ್ಯಾರೆ. ಮುಟ್ಟಿದ್ರ ಗೀರು, ಒರಸಿದ್ರ ಗೀರು.”

“ಹಂಗಾರ ಏನ್ ಮಾಡೂದು?”

ಅವನು ಎರಡು ಬಾಟಲಿ ತಂದಿಟ್ಟ. ಒಂದು ಜಬರದಸ್ತು, ಒಂದೇ ಕೈಗೆ ಗೀರು ಮಾಯ, ಆದರೆ ಮೆತ್ತನೆ ಬಣ್ಣದ ಮೇಲೆ ಮಂಜು ಕವಿದಂತೆ ಮಸುಕು ಬಿಟ್ಟರೂ ಬಿಡಬಹುದು. ಇನ್ನೊಂದು ಸಣ್ಣ ಜಾತಿಯದು, ಒಳಗಿನ ಪುಡಿ ನುಣ್ಣಗೆ. ನಿಧಾನ, ತೋಳು ಬೀಳುವತನಕ ತಿಕ್ಕಬೇಕು, ಹೊಳಪು ಮಾತ್ರ ಕನ್ನಡಿ. “ನಾನಂತೂ ಜಬರದಸ್ತ ಒಯ್ರಿ ಅಂತೇನಿ. ಯಾರಿಗೈತ್ರಿ ಈಗ ಅಷ್ಟ ತಾಳ್ಮಿ?” ಅಂದ.

ನಾನು ಅಪ್ಪನ ಮಗಳು. ಎರಡರಿಂದಲೂ ಒಂದೊಂದು ಹನಿ ಬೆರಳಿಗೆ ಹಾಕಿಸಿಕೊಂಡೆ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಕಣ್ಣು ಮುಚ್ಚಿದೆ. ಉಪ್ಪಿಟ್ಟಿನ ರವೆ ಯಾವುದು, ಚಿರೋಟಿಯ ರವೆ ಯಾವುದು, ಮೈದಾ ಯಾವುದು ಎಂದು ಕತ್ತಲೆಯಲ್ಲೂ ಹೇಳಬಲ್ಲ ಕೈ ಇದು. ಅಂಗಡಿಯವನು ಕಾದ, ನಮ್ಮವರು ಕಾದರು, ರಸ್ತೆಯಲ್ಲಿ ಹೋಗುತ್ತಿದ್ದವನೊಬ್ಬ ನಿಂತು ನೋಡಿದ. ನಿಮ್ಮೆದುರು ಮುಚ್ಚುಮರೆ ಯಾಕೆ, ಎರಡೂ ನನಗೆ ಒಂದೇ ಥರ ಅನಿಸಿದವು. ಕೆನೆ ಮೊಸರಿನ ಹಾಗೆ. ಆದರೆ ಅಷ್ಟು ಹೊತ್ತು ಕಣ್ಣು ಮುಚ್ಚಿ ನಿಂತವಳು ಸುಮ್ಮನೆ ಕಣ್ಣು ಬಿಡುವುದು ಹೇಗೆ? “ಸಣ್ಣದ ಇರ್ಲಿ” ಅಂದೆ, ಬಹಳ ತಿಳಿದವಳ ಹಾಗೆ.

“ಇದೂ ಕೊಬ್ಬರಿ ಎಣ್ಣಿ ಏನ?” ಅಂದರು ನಮ್ಮವರು. ಎರಡನ್ನೂ ಕೊಂಡರು.

ಭಾನುವಾರ ಬೆಳಿಗ್ಗೆ ಕಾರಿಗೆ ಕೊಡಗಟ್ಟಲೆ ನೀರು ಹೊಯ್ದು, ಬೇವಿನ ನೆರಳಿನಲ್ಲಿ ಆರಲು ಬಿಟ್ಟೆವು. ಅಪ್ಪ ಯಾವ ಹೊಸ ಬಣ್ಣದ ನೂಲು ಬಂದರೂ ಮೊದಲು ಒಂದು ಮೂಲೆಯನ್ನು ತೋಯಿಸಿ ನೋಡುತ್ತಿದ್ದ. ನಾನೂ ಹಾಗೇ ಹಟ ಹಿಡಿದೆ. ಹಿಂಬಾಗಿಲ ಕೆಳಗೆ ಯಾರೂ ನೋಡದ ಜಾಗದಲ್ಲಿ ನಮ್ಮವರು ಮೊದಲು ಜಬರದಸ್ತಿನದನ್ನು ಹಚ್ಚಿದರು. ಅಲ್ಲಿದ್ದ ಗೀರು ನಿಜಕ್ಕೂ ಹೋಯಿತು. ಆದರೆ ಆ ಜಾಗ ಉಸಿರು ಬಿಟ್ಟ ಕನ್ನಡಿಯಂತೆ ಮಬ್ಬಾಯಿತು, ಎಷ್ಟು ಒರೆಸಿದರೂ ಮಬ್ಬೇ. ಅದರ ಮೇಲೆ ಸಣ್ಣದನ್ನು ಹಚ್ಚಿ, ಮೆಲ್ಲಗೆ, ಒತ್ತದೆ, ಸುತ್ತಿ ಸುತ್ತಿ ತಿಕ್ಕಿದರು. ಮಬ್ಬು ಸರಿದು ಒಳಗಿನ ಕಪ್ಪು ಮೇಲೆ ಬಂತು. ನಮ್ಮವರು ನನ್ನ ಮುಖ ನೋಡಿದರು. ನಾನು ಬೇವಿನ ಗಿಡ ನೋಡಿದೆ. ತಿಳಿಯದೆ ಹೇಳಿದ್ದು ನಿಜವಾದಾಗ ಮುಖವನ್ನು ಎಲ್ಲಿಡಬೇಕೆಂಬುದು ನನಗೆ ಇನ್ನೂ ಗೊತ್ತಾಗಿಲ್ಲ.

ಇನ್ನು ಬಟ್ಟೆ. ಅಂಗಡಿಯವನು ಒಂದು ಮೆತ್ತನೆಯ ಬಟ್ಟೆ ಕೊಟ್ಟಿದ್ದ. ಅದು ಸುತ್ತಿದ್ದ ಕಾಗದದಿಂದ ಜಾರಿ ನೆಲಕ್ಕೆ ಬಿದ್ದು ಮಣ್ಣು ಮುಕ್ಕಿತು. ನಮ್ಮವರು ತಮ್ಮ ಬನಿಯನ್ನು ತೆಗೆಯಹೋದರು. ಬನಿಯನ್ನಿನ ಹೊಲಿಗೆ ಈ ಬಣ್ಣಕ್ಕೆ ಗರಗಸವಲ್ಲವೇ? ಮನೆಯ ಬಟ್ಟೆಗಳೆಲ್ಲ ನನ್ನ ಕಣ್ಣ ಮುಂದೆ ಸಾಲಾಗಿ ಬಂದು ಹೋದವು. ಯಾವುದೂ ಸಾಲದು. ನಾನು ಒಳಗೆ ಹೋಗಿ ಕಪಾಟು ತೆರೆದೆ.

“ಇದು ಮಾಂವಾರದಲ್ಲ?” ಅಂದರು ನಮ್ಮವರು ಧೋತರದ ತುಂಡು ನೋಡಿ.

“ಹೂಂ. ಇಟ್ಟ ಏನ್ ಮಾಡೂದೈತಿ? ತಿಕ್ರಿ.”

ತಿಕ್ಕಿದರು. ಹೊತ್ತು ಏರಿತು, ನೆರಳು ಸರಿಯಿತು, ಕಾರನ್ನು ನೆರಳಿನ ಜೊತೆ ಸರಿಸಿ ಮತ್ತೆ ತಿಕ್ಕಿದರು. ಅವರು ದಣಿದಾಗ ನಾನು, ನಾನು ದಣಿದಾಗ ಅವರು. ಗೆರೆಗಳು ಒಂದೇ ಸಲ ಹೋಗಲಿಲ್ಲ; ಊರು ಬಿಡಲು ಮನಸ್ಸಿಲ್ಲದ ನೆಂಟರ ಹಾಗೆ ಹೊಸ್ತಿಲಲ್ಲಿ ನಿಂತು ನಿಂತು ಹೋದವು.

ತಿಕ್ಕುವಾಗ ನನಗೆ ತವರಿನ ಹಿತ್ತಾಳೆಯ ತಂಬಿಗೆ ನೆನಪಾಯಿತು. ಅದರ ಕೊರಳಲ್ಲಿ ನನ್ನ ಅಜ್ಜಿಯ ಹೆಸರು ಕೆತ್ತಿಸಿತ್ತು. ಹುಣಸೆಹಣ್ಣು, ಬೂದಿ ಹಾಕಿ ದಿನಾ ತಿಕ್ಕುವ ಪಾಳಿ ನನ್ನದು. ನಾನು ಅಕ್ಷರ ಕಲಿತ ಹೊಸದರಲ್ಲಿ ಅಜ್ಜಿಯ ಪೂರ್ತಿ ಹೆಸರು ಅದರ ಮೇಲೆ ಓದಲು ಬರುತ್ತಿತ್ತು. ಸಾಲೆ ಮುಗಿಸುವ ಹೊತ್ತಿಗೆ ಒಂದೆರಡು ಕೊಂಬು, ಒಂದು ದೀರ್ಘ ಉಳಿದಿತ್ತು. ತಂಬಿಗೆ ಮಾತ್ರ ಚಿನ್ನದ ಹಾಗೆ ಹೊಳೆಯುತ್ತಿತ್ತು, ಎಲ್ಲರೂ ನನ್ನ ಕೈ ಹೊಗಳುತ್ತಿದ್ದರು. ಹೊಳಪು ಬಂದದ್ದೂ ಹೆಸರು ಹೋದದ್ದೂ ಒಂದೇ ಕೈಯಿಂದ ಎಂದು ಆಗ ತಿಳಿಯಲಿಲ್ಲ. ಈಗ ಅತ್ತೆಯ ಬೆರಳಿನ ಗೆರೆಗಳನ್ನು ಅಪ್ಪನ ಧೋತರದಿಂದ ಅಳಿಸುತ್ತ ಸ್ವಲ್ಪ ಕೈ ತಡೆಯಿತು. ನಮ್ಮವರು “ದಣದಿ ಏನ?” ಅಂದರು. ಹೌದು ಅಂದೆ.

ಅತ್ತೆ ಕಟ್ಟೆಯ ಮೇಲೆ ಹತ್ತಿ ಹೊಸೆಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರಿಗೆ ದೂರದ್ದು ಸ್ವಚ್ಛ ಕಾಣುತ್ತದೆ, ಹತ್ತಿರದ ಸಣ್ಣದು ಕಾಣುವುದಿಲ್ಲ. ನಮ್ಮ ಧೈರ್ಯವೆಲ್ಲ ಅದೇ.

“ಏನೋ ಬಸೂ, ಎತ್ತಿನ ಮೈ ತಿಕ್ಕಿದಂಗ ತಿಕ್ಕಾಕತ್ತೀಯಲ್ಲೋ?”

“ಏನಿಲ್ಲ ಅವ್ವಾ. ಬೆಕ್ಕ ಗೀರೇತಿ.”

“ಹೌದೇನ? ಎಷ್ಟ ಗೀರೇತಿ?”

“ಮೂರ… ಒಂದೀಟ.”

“ಎಂಥಾ ಬೆಕ್ಕಪಾ ಅದು,” ಎಂದು ಅತ್ತೆ ಬತ್ತಿಯ ತುದಿಯನ್ನು ನಾಜೂಕಾಗಿ ಹೊಸೆದರು. “ಬೂದಿ ಹಚ್ಚಿ ತಿಕ್ಕೋ. ಥಳಥಳ ಅಂತೈತಿ.”

ನಮ್ಮವರಿಗೆ ಕೆಮ್ಮು ಬಂತು.

ಸೋಮವಾರ ಬೆಳಗಿನ ಜಾವ ನಾನು ಎದ್ದು ಬಾನೆಟ್ಟಿನ ಮೇಲೆ ನೀರು ಹೊಯ್ದು ಬಂದೆ, ಒಂದು ಕಣ ಧೂಳೂ ಇರದ ಹಾಗೆ. ವಿಭೂತಿಯನ್ನು ಬೆಳ್ಳಿ ಬಟ್ಟಲಲ್ಲಿ ನೀರು ಹಾಕಿ ತೆಳ್ಳಗೆ ಕಲಸಿಟ್ಟೆ. ಮುಂದಿನ ಎಲ್ಲ ಸೋಮವಾರಗಳಿಗೂ ಇದೇ ನನ್ನ ಗುಟ್ಟಿನ ಏರ್ಪಾಡು. ಒದ್ದೆ ವಿಭೂತಿ, ತೊಳೆದ ಬಾನೆಟ್ಟು, ಅತ್ತೆ ಒಳಗೆ ಹೋದ ಮೇಲೆ ಧೋತರದ ತುಂಡು. ಯಾರಿಗೂ ಏನೂ ಹೇಳಬೇಕಿಲ್ಲ.

ಅತ್ತೆ ಹೊರಬಂದರು. ಹಣೆಯ ಮೇಲೆ ಆಗತಾನೆ ಹಚ್ಚಿಕೊಂಡ ವಿಭೂತಿ ಅಚ್ಚ ಬೆಳ್ಳಗಿತ್ತು. ಆಚೆ ಕಟ್ಟೆಯ ಮೇಲೆ ಗಂಗಕ್ಕ, ಮಡಿಲಲ್ಲಿ ರಾಣಿ, ಇಬ್ಬರೂ ಇತ್ತಲೇ ನೋಡುತ್ತಿದ್ದರು. ನಮ್ಮವರು ಕಚೇರಿಗೆ ಹೊರಟವರು ಕಾರಿನ ಬಾಗಿಲ ಹತ್ತಿರ ಚೀಲ ಹಿಡಿದು ನಿಂತಿದ್ದರು. ನಾನು ಬಟ್ಟಲು ಹಿಡಿದು ಮುಂದಾದೆ. ಅತ್ತೆ ಮೂರು ಬೆರಳು ಅದ್ದಿದರು. ಬಾನೆಟ್ಟಿನ ಮೇಲೆ ಬಾಗಿದರು.

ಬಾಗಿದವರು ಹಾಗೇ ನಿಂತರು. ಎಡಗೈಯ ಬೆರಳ ತುದಿಯಿಂದ ನಡುವಿನ ಆ ಜಾಗವನ್ನು ಒಮ್ಮೆ ಸವರಿದರು, ಬಹಳ ಹಗುರವಾಗಿ, ನಿದ್ದೆ ಹೋದ ಕೂಸಿನ ಕೆನ್ನೆ ಸವರುವ ಹಾಗೆ. ಗೆರೆ ಸಿಗಲಿಲ್ಲ. ಕರಿಯ ಬಣ್ಣ ನಿಂತ ನೀರಿನಂತಿತ್ತು. ಅದರೊಳಗೆ ಅತ್ತೆಯ ಮುಖ ಕಾಣುತ್ತಿತ್ತು, ಮುಖದ ಮೇಲೆ ಹಣೆ, ಹಣೆಯ ಮೇಲೆ ಬೆಳ್ಳನೆಯ ಮೂರು ಗೆರೆ.

“ಯಾಕ ಅತ್ತೀ?” ಅಂದೆ. 

“ಇದಕ್ಕ ಹಚ್ಚೇ ಐತಲ್ಲ,” ಅಂದರು ಅತ್ತೆ, ಬಾನೆಟ್ಟಿನೊಳಗೆ ಬೆರಳು ತೋರಿಸಿ.

 ಹಾಗಾದರೆ ಅತ್ತೆಗೆ ಇನ್ನು ಕಟ್ಟೆಯೇ ಗತಿ, ಇದೂ ಮುಗಿಯಿತು ಎಂದುಕೊಂಡೆ. ಅತ್ತೆ ನೆಟ್ಟಗಾದರು. ವಿಭೂತಿ ಅದ್ದಿದ ಬೆರಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾರಿನ ಅಂಚು ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಸರಿದು ಮಗನ ಮುಂದೆ ಬಂದು ನಿಂತರು.

“ಬಗ್ಗಲೇ.”

“ಅವ್ವಾ, ಆಫೀಸಿಗೆ ಹೊಂಟೇನಿ…”

“ಗೊತ್ತೈತಿ, ಬಗ್ಗು.”

ನಮ್ಮವರು ವಿಭೂತಿ ಹಚ್ಚಿಕೊಂಡು ಕಚೇರಿಗೆ ಹೋದವರಲ್ಲ. ಮನೆಯಲ್ಲಿ ಹಚ್ಚಿದ್ದನ್ನು ಮೋರೆ ತೊಳೆಯುವ ನೆಪದಲ್ಲಿ ಒರೆಸಿಕೊಂಡೇ ಹೊರಡುವವರು. ಬಗ್ಗಿದರು. ಅತ್ತೆ ಅಂಗೈಯಿಂದ ಅವರ ಹಣೆಯ ಕೂದಲನ್ನು ಬರಬರನೆ ಹಿಂದೆ ಸವರಿದರು. ಸೆರಗಿನಿಂದ ಹಣೆಯನ್ನು ಗಸಗಸ ತಿಕ್ಕಿದರು. ಆಮೇಲೆ ಮೂರು ಬೆರಳು ಒತ್ತಿ, ಎಡದಿಂದ ಬಲಕ್ಕೆ, ಉದ್ದಕ್ಕೆ ಎಳೆದರು.

“ಇದಕ್ಕೇನ ಗೀರು ಬೀಳಂಗಿಲ್ಲ, ಹೋಗು,” ಅಂದರು.

ಆಚೆ ಕಟ್ಟೆಯಿಂದ ಗಂಗಕ್ಕ ಕಿಸಕ್ಕನೆ ನಕ್ಕದ್ದು ಕೇಳಿಸಿತು. ರಾಣಿ ಮಡಿಲಿನಿಂದ ಜಿಗಿದು ಓಡಿತು. ನಮ್ಮವರು ಕೆಂಪಾದ ಹಣೆಯೊಂದಿಗೆ ಕಾರು ಹತ್ತಿ ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡರು; ಕೈ ಹಣೆಯ ಹತ್ತಿರ ಹೋಗಿ, ಹಾಗೇ ಹಿಂದೆ ಬಂತು. ಅತ್ತೆ ನೋಡುತ್ತಲೇ ಇದ್ದರು, ಅವರಿಗೆ ದೂರದ್ದು ಸ್ವಚ್ಛ ಕಾಣುತ್ತದೆ. ಕಾರು ಓಣಿಯ ತಿರುವು ದಾಟುವವರೆಗೂ ನಿಂತಿದ್ದು, ಅತ್ತೆ ಬೆರಳಲ್ಲಿ ಉಳಿದ ವಿಭೂತಿಯನ್ನು ನನ್ನ ಹಣೆಗೂ ಒರೆಸಿ, ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡರು.

“ಮುಂದಿನ ಸೋಮವಾರ ಇಷ್ಟ ತೆಳ್ಳಗ ಕಲಸಬ್ಯಾಡ,” ಅಂದರು ಒಳಗೆ ಹೋಗುತ್ತ. “ಅವನ ಹಣಿ ಗಟ್ಟಿ ಐತಿ.”